ಓಟು ಕೇಳಲು ಬಂದವರಿಗೆ ಒಳಮನೆಯ ಮೂರು ಪ್ರಶ್ನೆಗಳು

ಚುನಾವಣೆ ಬಂತೆಂದರೆ ಸಾಕು, ಪರಶುರಾಂಪುರದ ಓಣಿಗಳಿಗೂ ಎಲ್ಲಿಲ್ಲದ ಕಳೆ ಬರುತ್ತದೆ. ಮೈಕು ಕಟ್ಟಿದ ಆಟೋ ಮುಂದೆ, ಜೀಪುಗಳು ಹಿಂದೆ. ಕೈಮುಗಿದು ನಿಂತ ಅಭ್ಯರ್ಥಿ, ಅವರ ಪಕ್ಕದಲ್ಲಿ ನಮ್ಮದೇ ಓಣಿಯ ನಾಲ್ಕು ಗಂಡಸರು. ಜಗಲಿಯ ಮೇಲೆ ಮಾತುಕತೆ ನಡೆಯುತ್ತದೆ. ಖಬರಸ್ತಾನದ ಕಾಂಪೌಂಡು, ಶಾದಿ ಮಹಲ್‌ಗೆ ಅನುದಾನ, ಓಣಿಗೊಂದು ಸಿಮೆಂಟು ರಸ್ತೆ - ಹೀಗೆ ಬೇಡಿಕೆಗಳ ಪಟ್ಟಿ ಸಲ್ಲಿಕೆಯಾಗುತ್ತದೆ. ಅಭ್ಯರ್ಥಿ ಎಲ್ಲದಕ್ಕೂ "ಆಗಲಿ" ಎನ್ನುತ್ತಾರೆ. ಒಳಮನೆಯಿಂದ ಚಹಾ ಬರುತ್ತದೆ. ಚಹಾ ಮಾಡಿದವಳನ್ನು ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಹೊರಡುವಾಗ ಬಾಗಿಲ ಕಡೆ ತಿರುಗಿ, "ತಾಯೀ, ನಿಮ್ಮ ಆಶೀರ್ವಾದ ಇರಲಿ" ಎಂದು ಕೈಮುಗಿದರೆ ಮುಗಿಯಿತು.

ಆದರೆ ಬಾಗಿಲ ಹಿಂದೆ ನಿಂತವಳ ಮನಸ್ಸಿನಲ್ಲಿರುವ ಪಟ್ಟಿಯೇ ಬೇರೆ. ಬೆಂಗಳೂರಿಗೆ ದುಡಿಯಲು ಹೋದ ಮಗ ಊರಲ್ಲೇ ಇರುವಂತಾಗುವುದು ಯಾವಾಗ? ಹತ್ತನೇ ತರಗತಿ ಮುಗಿಸಿದ ಮಗಳು ಮುಂದೆ ಓದುವುದು ಎಲ್ಲಿ? ತುಂಬು ಗರ್ಭಿಣಿ ಸೊಸೆಗೆ ನಡುರಾತ್ರಿ ನೋವು ಬಂದರೆ ಗತಿ ಏನು? ಉದ್ಯೋಗ, ಶಾಲೆ, ಆಸ್ಪತ್ರೆ. ಈ ಮೂರರ ಬಗ್ಗೆ ಅಭ್ಯರ್ಥಿಯ ನಿಲುವೇನು ಎಂದು ಕೇಳುವ ಹಕ್ಕು ಜಗಲಿಯ ಮೇಲೆ ಕುಳಿತವರಿಗೆ ಎಷ್ಟಿದೆಯೋ ಚಹಾ ಮಾಡಿದವಳಿಗೂ ಅಷ್ಟೇ ಇದೆ. ಅವನದೂ ಒಂದೇ ಓಟು, ಅವಳದೂ ಒಂದೇ ಓಟು.

ನಮ್ಮ ಕೈಯಲ್ಲಿರುವುದು ಓಟು ಮಾತ್ರ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳೆರಡೂ 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಈ ಬಯಲುಸೀಮೆಯಲ್ಲಿ ಅದು ನ್ಯಾಯವೇ. ಅಂದರೆ ಇಲ್ಲಿ ನಮ್ಮ ಸಮುದಾಯದವರು ಅಭ್ಯರ್ಥಿಯಾಗುವ ಪ್ರಶ್ನೆಯೇ ಇಲ್ಲ. ಯಾರನ್ನು ಆರಿಸಬೇಕು, ಅವರಿಂದ ಏನನ್ನು ಕೇಳಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಆದುದರಿಂದಲೇ ನಮ್ಮ ಪ್ರಶ್ನೆಗಳು ಹೆಚ್ಚು ಸ್ಪಷ್ಟವಾಗಿರಬೇಕು.

2023ರ ಮೇ 10ರಂದು ನಡೆದ ಚುನಾವಣೆಯನ್ನೇ ನೋಡಿ. ಚಳ್ಳಕೆರೆಯಲ್ಲಿ ಕಾಂಗ್ರೆಸ್ಸಿನ ಟಿ. ರಘುಮೂರ್ತಿಯವರು 2013 ಮತ್ತು 2018ರ ಬಳಿಕ ಮೂರನೇ ಬಾರಿಗೆ ಗೆದ್ದರು. ಜೆ.ಡಿ.ಎಸ್.ನ ಎಂ. ರವೀಶ್ ಕುಮಾರ್ ಎರಡನೇ ಸ್ಥಾನದಲ್ಲಿದ್ದರು. ಮೊಳಕಾಲ್ಮೂರಿನಲ್ಲಿ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಗೆದ್ದರು. ಆ ಚುನಾವಣೆಯಲ್ಲಿ ಮೂರೂ ಪಕ್ಷಗಳ ಅಭ್ಯರ್ಥಿಗಳು ತಮ್ಮ ತಮ್ಮ ಪಕ್ಷದ ಭರವಸೆಗಳನ್ನು ಹೊತ್ತು ಮನೆಮನೆಗೆ ಬಂದರು. ಕಾಂಗ್ರೆಸ್ಸಿನದು ಐದು ಗ್ಯಾರಂಟಿ: ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ಮಹಿಳೆಯರಿಗೆ ಉಚಿತ ಬಸ್ಸು, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತು, ತಲಾ 10 ಕಿಲೋ ಅಕ್ಕಿ, ನಿರುದ್ಯೋಗಿ ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಭತ್ಯೆ. ಬಿ.ಜೆ.ಪಿ.ಯದು ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಅಡುಗೆ ಅನಿಲ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವಾರ್ಡಿಗೊಂದು 'ನಮ್ಮ ಕ್ಲಿನಿಕ್'. ಜೆ.ಡಿ.ಎಸ್.ನ 'ಪಂಚರತ್ನ'ದಲ್ಲಿ ಪ್ರತಿ ಗ್ರಾಮ ಪಂಚಾಯತಿಗೆ 30 ಹಾಸಿಗೆಗಳ ಆಸ್ಪತ್ರೆ ಹಾಗೂ ಒಳ್ಳೆಯ ಶಾಲೆಯ ಮಾತಿತ್ತು.

ಇವುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಭರವಸೆಯನ್ನು ಅಳೆಯುವ ಅಳತೆಗೋಲು ಯಾವುದು ಎಂಬುದೇ ಇಲ್ಲಿನ ಪ್ರಶ್ನೆ. ಕೈಗೆ ಬರುವ ಹಣವನ್ನು ಅಳೆಯುವುದು ಸುಲಭ; ಖಾತೆಗೆ ಬಂತೋ ಇಲ್ಲವೋ ಎಂದು ನೋಡಿದರಾಯಿತು. ಉದ್ಯೋಗ, ಶಿಕ್ಷಣ, ಆರೋಗ್ಯವನ್ನು ಅಳೆಯುವುದು ಹಾಗಲ್ಲ. ಅಲ್ಲಿ ಕಟ್ಟಡ ತೋರಿಸಿ, ಶಂಕುಸ್ಥಾಪನೆಯ ಕಲ್ಲು ತೋರಿಸಿ ಲೆಕ್ಕ ಒಪ್ಪಿಸಿಬಿಡಬಹುದು. ಕಟ್ಟಡದೊಳಗೆ ಯಾರಿದ್ದಾರೆ ಎಂದು ಕೇಳುವವರು ಬೇಕು.

ಉದ್ಯೋಗ: ಯಾರಿಗೆ, ಎಲ್ಲಿ?

ಚಳ್ಳಕೆರೆ ಒಂದು ಕಾಲಕ್ಕೆ ಎಣ್ಣೆಯ ಪೇಟೆಯೆಂದೇ ಹೆಸರುವಾಸಿ. ಸುತ್ತಲಿನ ಹೊಲಗಳ ಶೇಂಗಾ ಇಲ್ಲಿನ ಮಿಲ್ಲುಗಳಿಗೆ ಬರುತ್ತಿತ್ತು. ಕಾಯಿ ಬಿಡಿಸುವ, ಬೀಜ ಆರಿಸುವ ಕೆಲಸದಲ್ಲಿ ಹೆಂಗಸರ ಕೈಗೂ ನಾಲ್ಕು ಕಾಸು ಸಿಗುತ್ತಿತ್ತು. 1990ರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆದ ಮೇಲೆ ಶೇಂಗಾ ಎಣ್ಣೆಯ ವೈಭವ ಕುಗ್ಗಿತು. ಇಲ್ಲಿನ ಕುರಿ ಉಣ್ಣೆಯ ಕಂಬಳಿಯೂ, ಮೊಳಕಾಲ್ಮೂರಿನ ರೇಷ್ಮೆ ಸೀರೆಯೂ ನಾಡಿಗೇ ಹೆಸರಾದವು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಸೀರೆಗೆ ಹೆಸರು ಬಂದಷ್ಟು ಸುಲಭವಾಗಿ ನೇಯುವವರ ಮನೆಗೆ ಕೂಲಿ ಬರುವುದಿಲ್ಲ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಮಳೆ ಕೈಕೊಟ್ಟ ವರ್ಷ ಶೇಂಗಾ ಒಣಗಿದರೆ ಮನೆಗೆ ಬೀಗ ಹಾಕಿ ಗುಳೆ ಹೋಗುವುದೊಂದೇ ದಾರಿ. ಇಲ್ಲಿ ನೀರಿನ ಮಾತೂ ಉದ್ಯೋಗದ ಮಾತೇ. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಇಡೀ ಜಿಲ್ಲೆ ಜಾತ್ರೆಯಂತೆ ಸಂಭ್ರಮಿಸಿತು. 89 ವರ್ಷ ಕಾದ ಜನ ಇವರು! ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಬಳಿಕ ಹಣ ಬರಲಿಲ್ಲವೆಂದು ರಾಜ್ಯ, ಕೇಂದ್ರಗಳ ನಡುವೆ ವಾಗ್ವಾದವೂ ನಡೆಯಿತು. ಓಟು ಕೇಳಲು ಬಂದವರನ್ನು ನಾವು ಕೇಳಬೇಕಾದದ್ದು: "ನಮ್ಮ ಹೋಬಳಿಯ ಕೆರೆಗೆ ನೀರು ಬರುವುದು ಯಾವ ವರ್ಷ?"

ಇನ್ನೊಂದು ವಿಷಯವಿದೆ. 2007ರಿಂದ 2011ರ ನಡುವೆ ಚಳ್ಳಕೆರೆ ತಾಲೂಕಿನ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ಅಮೃತಮಹಲ್ ಹುಲ್ಲುಗಾವಲನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಕೊಡಲಾಯಿತು. ಕುರಿ, ದನ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿದರು. ಇಂದು ಅಲ್ಲಿ ವಿಮಾನ ಪರೀಕ್ಷಾ ಕೇಂದ್ರವಿದೆ. 2023ರ ಏಪ್ರಿಲ್ 2ರಂದು, ಅಂದರೆ ಆ ಚುನಾವಣೆಗೆ ಐದು ವಾರ ಮೊದಲು, ಇಸ್ರೋದ ಮರುಬಳಕೆ ಉಡಾವಣಾ ವಾಹನ ಆಕಾಶದಿಂದ ತಾನಾಗಿಯೇ ಇಳಿದು ಬಂದದ್ದು ಇದೇ ನೆಲದಲ್ಲಿ. ಹೆಮ್ಮೆಯ ವಿಷಯವೇ ಸರಿ. ಆದರೆ ಆಕಾಶದಿಂದ ವಾಹನ ಇಳಿಯುವ ಊರಿನ ಯುವಕ ಕೆಲಸ ಹುಡುಕಿ ಬಸ್ಸು ಹತ್ತುವುದು ಏಕೆ? ಅಲ್ಲಿ ವಿಜ್ಞಾನಿಗಳು ಮಾತ್ರ ಬೇಕೆಂದಿಲ್ಲ. ವಿದ್ಯುತ್ ಕೆಲಸದವರು, ಫಿಟ್ಟರು, ಅಡುಗೆಯವರು, ಕಚೇರಿ ಸಹಾಯಕರು ಎಲ್ಲರೂ ಬೇಕು. ಆ ಕೆಲಸಗಳಿಗೆ ನಮ್ಮ ಮಕ್ಕಳನ್ನು ಸಜ್ಜುಗೊಳಿಸುವ ತರಬೇತಿ ಎಲ್ಲಿದೆ? 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ ಭತ್ಯೆ ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅದು ಕೆಲಸ ಸಿಗುವವರೆಗಿನ ಆಸರೆಯೇ ಹೊರತು ಕೆಲಸವಲ್ಲ.

ಶಾಲೆ: ಗೋಡೆ ಪಾಠ ಹೇಳುವುದಿಲ್ಲ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಅದರ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಗಡಿ ಭಾಗದ ಶಾಲೆಗಳಲ್ಲಿ ವರ್ಗಾವಣೆ ಸಿಕ್ಕವರು ಹೋಗುತ್ತಾರೆ, ಬರಬೇಕಾದವರು ಬರುವುದಿಲ್ಲ. ಅತಿಥಿ ಶಿಕ್ಷಕರ ಮೇಲೆಯೇ ಶಾಲೆ ನಡೆಯುತ್ತದೆ. ಆಂಧ್ರದ ಗಡಿಗೆ ಹತ್ತಿರವಿರುವ ಪರಶುರಾಂಪುರದ ಮಗು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡದ ಜೊತೆ ತೆಲುಗು ಕೇಳುತ್ತಾ ಬೆಳೆಯುತ್ತದೆ. ಅಂಥ ಮಗುವಿಗೆ ಗಣಿತ, ವಿಜ್ಞಾನವನ್ನು ಬಿಡಿಸಿ ಹೇಳುವ ಶಿಕ್ಷಕರು ಬೇಕೇ ಬೇಕು. ವಿಚಿತ್ರವೆಂದರೆ ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 2011ರಿಂದಲೂ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತಾ ಬಂದಿದೆ. ದೀಪದ ಬುಡದಲ್ಲೇ ಕತ್ತಲಾಗಬಾರದಲ್ಲವೇ?

ಹತ್ತನೇ ತರಗತಿಯ ನಂತರದ ಹಾದಿ ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಕಿರಿದು. ಪರಶುರಾಂಪುರದಿಂದ ಚಳ್ಳಕೆರೆಗೆ ಸುಮಾರು 30 ಕಿಲೋಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಆದರೆ ಖಾಸಗಿ ಬಸ್ಸಿಗೆ ಈ ಯೋಜನೆ ಅನ್ವಯಿಸದು. ಖಾಸಗಿ ಬಸ್ಸುಗಳೇ ಓಡುವ ದಾರಿಯಲ್ಲಿ ಉಚಿತ ಪ್ರಯಾಣ ಕಾಗದದ ಮೇಲಷ್ಟೇ. "ಕಾಲೇಜು ಬಿಡುವ ಹೊತ್ತಿಗೆ ನಮ್ಮೂರಿಗೆ ಒಂದು ಸರ್ಕಾರಿ ಬಸ್ಸು ಹಾಕಿಸುತ್ತೀರಾ?" ಚಿಕ್ಕ ಪ್ರಶ್ನೆಯೆನಿಸಬಹುದು. ಆದರೆ ಒಬ್ಬ ಹುಡುಗಿಯ ಓದು ನಿಲ್ಲುವುದೂ ಮುಂದುವರಿಯುವುದೂ ಹಲವು ಬಾರಿ ಆ ಒಂದು ಬಸ್ಸಿನ ಮೇಲೆಯೇ.

ಸರ್ಕಾರಿ ಪದವಿಪೂರ್ವ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2022ರ ಫೆಬ್ರವರಿ 5ರ ಸರ್ಕಾರಿ ಆದೇಶ ಆ ಕಾಲೇಜುಗಳ ಸಮವಸ್ತ್ರದ ತೀರ್ಮಾನವನ್ನು ಇದೇ ಸಮಿತಿಗೆ ಬಿಟ್ಟಿತ್ತು. ಅದರಿಂದ ಎಷ್ಟು ಮನೆಗಳ ನೆಮ್ಮದಿ ಕೆಟ್ಟಿತೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಶಾಸಕರಾಗಲು ಹೊರಟವರ ಶಿಕ್ಷಣದ ನಿಲುವು ನಮ್ಮ ಮಗಳ ಕಾಲೇಜಿನ ಬಾಗಿಲವರೆಗೂ ಬರುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. 2023ರ ಮಾರ್ಚಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಅಂದಿನ ರಾಜ್ಯ ಸರ್ಕಾರ ಮುಸ್ಲಿಮರ 2ಬಿ ವರ್ಗದ ಶೇಕಡಾ 4ರ ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇವುಗಳ ಬಗ್ಗೆ ಅಭ್ಯರ್ಥಿ ಏನನ್ನುತ್ತಾರೆ? ಸುಮ್ಮನಿದ್ದರೆ ಆ ಮೌನವೂ ಒಂದು ನಿಲುವೇ.

ಆಸ್ಪತ್ರೆ: ರಾತ್ರಿ ಎರಡು ಗಂಟೆಯ ಪರೀಕ್ಷೆ

ಆಸ್ಪತ್ರೆ ಚೆನ್ನಾಗಿದೆಯೇ ಎಂದು ತಿಳಿಯಲು ಹಗಲು ಹನ್ನೊಂದಕ್ಕೆ ಹೋಗಿ ನೋಡಬಾರದು, ರಾತ್ರಿ ಎರಡಕ್ಕೆ ನೋಡಬೇಕು. ನಿಯಮದಂತೆ ಬಯಲು ಪ್ರದೇಶದಲ್ಲಿ 30 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1 ಲಕ್ಷ 20 ಸಾವಿರ ಜನಕ್ಕೊಂದು 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಸಮುದಾಯ ಆರೋಗ್ಯ ಕೇಂದ್ರವೆಂದರೆ ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ಕೊಡುವವರು ಇರಬೇಕಾದ ಸ್ಥಳ. ಹೆರಿಗೆ ತಜ್ಞರಿದ್ದು ಅರಿವಳಿಕೆಯವರಿಲ್ಲದಿದ್ದರೆ ಸಿಸೇರಿಯನ್ ಆಗದು. ಆಗ ಕೇಳಿಬರುವ ಮಾತು ಒಂದೇ: "ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ." 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಎಷ್ಟೋ ಜೀವ ಉಳಿಸಿದೆ, ನಿಜ. ಆದರೆ ರಕ್ತಸ್ರಾವವಾಗುತ್ತಿರುವ ಬಾಣಂತಿಗೆ ಪ್ರತಿಯೊಂದು ಕಿಲೋಮೀಟರೂ ದೂರವೇ.

ಮೊಳಕಾಲ್ಮೂರಿನ ಅನುಭವ ಇಲ್ಲಿ ಗಮನಾರ್ಹ. 2018ರಲ್ಲಿ ಅಲ್ಲಿಂದ ಗೆದ್ದ ಬಿ. ಶ್ರೀರಾಮುಲು 2019ರ ಆಗಸ್ಟಿನಿಂದ 2020ರ ಅಕ್ಟೋಬರ್‌ವರೆಗೆ ರಾಜ್ಯದ ಆರೋಗ್ಯ ಸಚಿವರಾಗಿದ್ದರು. ಕೋವಿಡ್ ಮೊದಲ ಬಾರಿ ಅಪ್ಪಳಿಸಿದ್ದು ಆಗಲೇ. 2023ರಲ್ಲಿ ಅವರು ಬಳ್ಳಾರಿ ಗ್ರಾಮಾಂತರಕ್ಕೆ ಹೋದರು. 2018ರಲ್ಲಿ ಕೂಡ್ಲಿಗಿಯಿಂದ ಬಿ.ಜೆ.ಪಿ. ಶಾಸಕರಾಗಿದ್ದ ಗೋಪಾಲಕೃಷ್ಣ ಪಕ್ಷ ಬದಲಿಸಿ ಮೊಳಕಾಲ್ಮೂರಿಗೆ ಮರಳಿದರು. ನಾಯಕರು ಕ್ಷೇತ್ರ ಬದಲಿಸಬಹುದು, ಪಕ್ಷ ಬದಲಿಸಬಹುದು. ಹೆರಿಗೆಗೆ ಹೋಗುವ ಹೆಣ್ಣಿಗೆ ಆಸ್ಪತ್ರೆ ಬದಲಿಸುವ ಅನುಕೂಲ ಎಲ್ಲಿದೆ? ಅವರು ಹೋದ ಮೇಲೂ ಉಳಿಯುವಂಥದ್ದನ್ನು ಕೇಳಿ ಪಡೆಯಬೇಕು.

ಎರಡು ಘಟನೆಗಳನ್ನು ಮರೆಯಬಾರದು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ನಲ್ಲಿಯ ನೀರನ್ನು, ಆಸ್ಪತ್ರೆಯ ಔಷಧಿಯನ್ನು ಪರೀಕ್ಷಿಸುವವರು ಯಾರು ಎಂದು ಕೇಳುವುದೂ ಆರೋಗ್ಯದ ಪ್ರಶ್ನೆಯೇ.

ನಾವು ಮಾಡಬಹುದಾದದ್ದು

ಶಾಸಕರಿಂದ ಎಲ್ಲವೂ ಆಗುವುದಿಲ್ಲ. ಹಾಗೆಂದು ಏನೂ ಆಗದು ಎಂಬುದೂ ಸುಳ್ಳು. ಅವರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಿದೆ. ತಾಲೂಕು ಮಟ್ಟದ ಕೆ.ಡಿ.ಪಿ. ಸಭೆಯಲ್ಲಿ ವೈದ್ಯಾಧಿಕಾರಿಯನ್ನೂ ಶಿಕ್ಷಣಾಧಿಕಾರಿಯನ್ನೂ ಎದುರಿಗೆ ಕೂರಿಸಿ ಲೆಕ್ಕ ಕೇಳುವ ಅಧಿಕಾರವಿದೆ. ಖಾಲಿ ಹುದ್ದೆಗಳ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಬಹುದು.

ಆದುದರಿಂದ ಸಹೋದರಿಯರೇ, ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದುಬಿಟ್ಟಿರುತ್ತದೆ. ಆಮೇಲೆ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆಗಳನ್ನು ಬರೆದಿಡಿ. ನಮ್ಮ ಆಸ್ಪತ್ರೆಯಲ್ಲಿ ಯಾವ ಹುದ್ದೆ ಖಾಲಿ, ಯಾವಾಗ ತುಂಬುತ್ತೀರಿ? ನಮ್ಮ ಶಾಲೆಗೆ ಎಷ್ಟು ಶಿಕ್ಷಕರು ಬೇಕು, ಎಷ್ಟು ಮಂದಿ ಬರುತ್ತಾರೆ? ನಮ್ಮ ಮಕ್ಕಳಿಗೆ ಊರಿನ ಸುತ್ತಮುತ್ತ ಯಾವ ಕೆಲಸ, ಅದಕ್ಕೆ ಯಾವ ತರಬೇತಿ? ಉತ್ತರವನ್ನೂ, ಹೇಳಿದವರ ಹೆಸರನ್ನೂ, ತಾರೀಖನ್ನೂ ಬರೆಯಿರಿ. ಒಂದು ವರ್ಷದ ನಂತರ ಆ ಪುಟವನ್ನು ತೆರೆಯಿರಿ. ಗೆದ್ದವರು ಸಿಕ್ಕಾಗ ಅದನ್ನು ಓದಿ ಹೇಳಿ. ಒಬ್ಬಳೇ ಹೋಗಲು ಸಂಕೋಚವಾದರೆ ಸ್ವಸಹಾಯ ಸಂಘದ ಹತ್ತು ಜನ ಸೇರಿ ಹೋಗಿ.

ಈ ಪ್ರಶ್ನೆಗಳು ನಮ್ಮ ಓಣಿಯವು ಮಾತ್ರವಲ್ಲ. ನಲ್ಲಿಯ ಮುಂದೆ ಕೊಡ ಇಟ್ಟು ನಿಂತಿರುವ ನಾಯಕರ ಅಕ್ಕನದೂ, ಗೊಲ್ಲರಹಟ್ಟಿಯ ತಂಗಿಯದೂ, ಕಂಬಳಿ ನೂಲುವ ಅಜ್ಜಿಯದೂ ಇದೇ ಪ್ರಶ್ನೆ. ಹೆರಿಗೆ ನೋವಿಗೆ ಜಾತಿಯಿಲ್ಲ. ಎಲ್ಲರೂ ಸೇರಿ ಕೇಳಿದರೆ "ಆಗಲಿ" ಎಂದು ಹೇಳಿ ಜೀಪು ಹತ್ತುವುದು ಯಾರಿಗೂ ಅಷ್ಟು ಸುಲಭವಾಗದು.

ಮತ ಎಂಬುದು ಅಮಾನತ್ತು. ಒಂದು ಸೀರೆಗೋ ಐನೂರರ ನೋಟಿಗೋ ಅದನ್ನು ಕೊಟ್ಟರೆ ಐದು ವರ್ಷ ಕೇಳುವ ಬಾಯಿಯನ್ನೂ ಅದರ ಜೊತೆಗೇ ಮಾರಿದಂತೆ. ಮುಂದಿನ ಬಾರಿ ಜಗಲಿಯ ಮೇಲೆ ಮಾತುಕತೆ ನಡೆಯುವಾಗ ಚಹಾದ ತಟ್ಟೆಯ ಜೊತೆ ಆ ನೋಟ್‌ಬುಕ್ಕೂ ಹೊರಗೆ ಬರಲಿ.