ಆಟದ ಬಯಲಿಗೆ ಅಣ್ಣ-ಅಕ್ಕಂದಿರು

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಇದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ದುಡಿಯಬೇಕು. ದತ್ತು ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರವೂ ಉಂಟು. ರಸ್ತೆ ದುರಸ್ತಿ, ಸಸಿ ನೆಡುವುದು, ನೈರ್ಮಲ್ಯ ಇವು ಶಿಬಿರದ ವಾಡಿಕೆಯ ಕೆಲಸಗಳು. ಆ ಊರಿನ ಶಾಲಾಮಕ್ಕಳ ಆಟವೂ ಈ ಸೇವೆಯಲ್ಲಿ ಸೇರಬೇಕೆಂಬುದು ನಮ್ಮ ಆಶಯ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಶಾಲೆಗೆ ಆಟದ ಮೈದಾನ, ಆಟದ ಸಾಮಗ್ರಿಗಳು ಇರಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಕರೇ ಇಲ್ಲದ ಬಡ ಊರಿನ ಶಾಲೆಯಲ್ಲಿ ಆಟದ ಅವಧಿ ವೇಳಾಪಟ್ಟಿಯಲ್ಲಷ್ಟೇ ಉಳಿದುಬಿಡುತ್ತದೆ. ಬಯಲಿದ್ದರೂ ಗಟ್ಟಿಮುಟ್ಟಾದ ನಾಲ್ಕು ಹುಡುಗರು ಆಡುತ್ತಾರೆ. ಹೆಣ್ಣುಮಕ್ಕಳು ಗೋಡೆಗೊರಗಿ ನೋಡುತ್ತಾರೆ.

ಇಲ್ಲಿ ಹಣಕ್ಕಿಂತಲೂ ಜೊತೆಗಾರರು ಅಗತ್ಯ. ಕಬಡ್ಡಿಗೆ ಸುಣ್ಣದ ಗೆರೆ ಸಾಕು. ಲಗೋರಿಗೆ ಒಂದು ಚೆಂಡು, ಏಳು ಚಪ್ಪಟೆ ಕಲ್ಲು. ಕಾಲೇಜಿನ ಅಕ್ಕನೊಬ್ಬಳು ತಾನೇ ಬಯಲಿಗಿಳಿದರೆ ಹೆಣ್ಣುಮಕ್ಕಳ ಸಂಕೋಚ ಸಡಿಲವಾದೀತು.

ಏಳು ದಿನ ಆಡಿಸಿ ಹೊರಟುಹೋದರೆ ಮಾತ್ರ ಮಕ್ಕಳ ಪಾಲಿಗೆ ನಿರಾಸೆಯೇ ಉಳಿಯುತ್ತದೆ. 120 ಗಂಟೆಗಳನ್ನು 40 ವಾರಗಳಿಗೆ ಹಂಚಿದರೆ ವಾರಕ್ಕೆ ಮೂರೇ ಗಂಟೆ. ಅದರಲ್ಲಿ ಒಂದು ಗಂಟೆ ಒಂದೇ ಶಾಲೆಗೆ ತಪ್ಪದೆ ಸಂದರೆ ಆಟವು ರೂಢಿಯಾಗುತ್ತದೆ. ನಮ್ಮ ಮನೆಗಳಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ಹಿರಿಯರು ಈ ಮಾತನ್ನು ತಿಳಿಸಿ ಹೇಳಲಿ.