ಹಿಂದಿರುಗಿ ಬಂದ ಅಗ್ನಿಬಾಣ

ದೀಪಾವಳಿಯ ರಾತ್ರಿ ನಮ್ಮ ಹಳ್ಳಿಗಳಲ್ಲಿ ಹುಡುಗರು ಆಕಾಶಬಾಣ ಹಾರಿಸುವಾಗ ಹಿರಿಯರ ಕಣ್ಣು ಆಕಾಶದ ಮೇಲಿರುವುದಿಲ್ಲ. ಹಿತ್ತಲಿನ ಹುಲ್ಲಿನ ಮೆದೆಯ ಮೇಲಿರುತ್ತದೆ. ಸೀಸೆಯ ಬಾಯಲ್ಲಿ ನೆಟ್ಟಗೆ ನಿಲ್ಲಿಸಿದ ಬಾಣ ನೆಟ್ಟಗೇ ಹೋಗುವುದೆಂಬ ಭರವಸೆ ಯಾರಿಗೂ ಇಲ್ಲ. ಒಂದು ಸುಯ್ಯೆಂದು ಮೇಲೇರುತ್ತದೆ. ಅದೇ ಪೆಟ್ಟಿಗೆಯ ಇನ್ನೊಂದು, ಅದೇ ಸೀಸೆಯಿಂದ ಹೊರಟು, ನಡುದಾರಿಯಲ್ಲಿ ಓರೆಯಾಗಿ ಪಕ್ಕದ ಮನೆಯ ಹೆಂಚಿನ ಮೇಲೆ ಬೀಳುತ್ತದೆ. ಹೀಗೇಕೆ? ಈ ಸಣ್ಣ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ನಾವು ಮೈಸೂರು ಸೀಮೆಯ ರಣಭೂಮಿಯಿಂದ ಯೂರೋಪಿನ ರಣಭೂಮಿಗೆ ಹೋಗಬೇಕಾಗುತ್ತದೆ. ಭಯಂಕರವಾದ ಯಂತ್ರವೊಂದಕ್ಕೆ ಮರುಹುಟ್ಟು ಕೊಟ್ಟು, ಅದಕ್ಕೆ ಕಡಿವಾಣ ಹಾಕಲಾರದೆ ಹೋದ ಒಬ್ಬ ಯಂತ್ರಶೋಧಕನ ಕಥೆ ಅಲ್ಲಿ ದೊರೆಯುತ್ತದೆ.

ಪಿರಿಯಾಪಟ್ಟಣದ ದಾರಿ

ಹುಣಸೂರಿನಿಂದ ಪಶ್ಚಿಮಕ್ಕೆ ಪಿರಿಯಾಪಟ್ಟಣವನ್ನು ಹಾದು ಕೊಡಗಿಗೆ ಹೋಗುವ ದಾರಿ ಹಿಂದೆ ಸೈನ್ಯಗಳು ನಡೆದ ದಾರಿ. ೧೭೯೯ರ ಮಾರ್ಚಿ ತಿಂಗಳಲ್ಲಿ ಟಿಪ್ಪು ಸುಲ್ತಾನನ ದಂಡು ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟಿತ್ತು. ಕೊಡಗಿನ ಗಡಿಯ ಸಿದ್ಧೇಶ್ವರದ ಬಳಿ ಬೊಂಬಾಯಿಯಿಂದ ಬಂದ ಬ್ರಿಟಿಷ್ ಪಡೆ ನಿಂತಿತ್ತು. ಮಾರ್ಚಿ ೬ರಂದು ಅಲ್ಲಿ ನಡೆದ ಕಾಳಗದಲ್ಲಿ ಸುಲ್ತಾನನ ಪ್ರಯತ್ನ ಕೈಗೂಡಲಿಲ್ಲ. ಅವನು ಪಿರಿಯಾಪಟ್ಟಣಕ್ಕೆ ಹಿಮ್ಮೆಟ್ಟಿ, ಅಲ್ಲಿಂದ ಪೂರ್ವಕ್ಕೆ ತಿರುಗಿದನು. ಎರಡೇ ತಿಂಗಳಲ್ಲಿ, ಮೇ ೪ರಂದು, ಶ್ರೀರಂಗಪಟ್ಟಣ ಬಿದ್ದಿತು.

ಆ ಕಾಲದ ಮೈಸೂರು ಸೈನ್ಯದಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಸಾಧನವಿತ್ತು. ಅದೇ ಕಬ್ಬಿಣದ ಕೊಳವೆಯ ಅಗ್ನಿಬಾಣ. ಸುಮಾರು ೨೦ ಸೆಂಟಿಮೀಟರು ಉದ್ದದ ಕೊಳವೆಯಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮದ್ದನ್ನು ಗಿಡಿದು, ಉದ್ದನೆಯ ಬಿದಿರಿನ ಗಳುವಿಗೋ ಕೆಲವು ವೇಳೆ ಕತ್ತಿಯ ಅಲಗಿಗೋ ಅದನ್ನು ಬಿಗಿಯುತ್ತಿದ್ದರು. ಹೆಗ್ಗಡದೇವನಕೋಟೆಯ ಕಾಡನ್ನು ಬಲ್ಲವರಿಗೆ ಅಂಥ ಬಿದಿರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ಹಗುರ, ನೇರ, ಗಟ್ಟಿ.

ಕಬ್ಬಿಣವೇ ಇಲ್ಲಿನ ಮುಖ್ಯ ಸಂಗತಿ. ಯೂರೋಪಿನಲ್ಲಿ ಆಗ ಬಾಣಗಳ ಕೊಳವೆ ಸಾಮಾನ್ಯವಾಗಿ ಕಾಗದದ ರಟ್ಟಿನದು. ಒಳಗಿನ ಅನಿಲದ ಒತ್ತಡ ಸ್ವಲ್ಪ ಹೆಚ್ಚಿದರೂ ರಟ್ಟು ಒಡೆಯುವುದು. ಕಬ್ಬಿಣ ಒಡೆಯದೆ ಒತ್ತಡವನ್ನು ತಾಳಿಕೊಳ್ಳುವುದರಿಂದ ಅನಿಲವು ಹಿಂದಿನ ರಂಧ್ರದಿಂದ ಹೆಚ್ಚು ವೇಗವಾಗಿ ಹೊರನುಗ್ಗುತ್ತದೆ. ಅದಕ್ಕೆ ಸಮನಾದ ಪ್ರತಿಕ್ರಿಯೆಯಿಂದ ಬಾಣ ಮುನ್ನುಗ್ಗುತ್ತದೆ. ಮೈಸೂರಿನ ಬಾಣಗಳು ಒಂದರಿಂದ ಎರಡು ಕಿಲೋಮೀಟರು ದೂರ ಹಾರುತ್ತಿದ್ದುದರ ರಹಸ್ಯ ಇದೇ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯನ್ನು ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ದೊರೆತುವು.

೧೭೯೯ರ ಏಪ್ರಿಲ್ ೫ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಎಂಬ ಅಧಿಕಾರಿಯ ಪಡೆ ಕತ್ತಲಲ್ಲಿ ದಾರಿ ತಪ್ಪಿ, ಬಾಣಗಳ ಮತ್ತು ಗುಂಡುಗಳ ಸುರಿಮಳೆಗೆ ಸಿಕ್ಕಿ ಚದರಿಹೋಯಿತು. ಆದರೆ ಬೆಂಕಿ ಯಾರ ಕಡೆಯವನನ್ನೂ ಗುರುತಿಸುವುದಿಲ್ಲ. ಮೇ ೨ರಂದು ಬ್ರಿಟಿಷರ ಒಂದು ಗುಂಡು ಕೋಟೆಯೊಳಗಿನ ಬಾಣಗಳ ಮದ್ದಿನ ಮನೆಗೆ ತಗುಲಿ, ಅದು ಸಿಡಿದು, ಇಟ್ಟುಕೊಂಡವರಿಗೇ ಕೇಡಾಯಿತು. ಈ ವೆಲ್ಲೆಸ್ಲಿಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವನು ಮತ್ತೆ ಬರುತ್ತಾನೆ.

ಕಾಂಗ್ರೀವನ ಕಾರ್ಯಾಗಾರ

ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬಾಣಗಾರರು ಚದರಿದರು. ಬಾಣದ ಮಾದರಿಗಳು ಹಡಗು ಹತ್ತಿ ಇಂಗ್ಲೆಂಡಿನ ವುಲಿಚ್‌ನ ಆಯುಧಾಗಾರವನ್ನು ಸೇರಿದುವು. ಅಲ್ಲಿನ ಮೇಲಧಿಕಾರಿಯ ಮಗ ವಿಲಿಯಂ ಕಾಂಗ್ರೀವ್ ೧೮೦೪ರಲ್ಲಿ ಬಾಣಗಳ ಪ್ರಯೋಗಕ್ಕೆ ಕೈಹಾಕಿದನು. ಅವನು ಬುದ್ಧಿವಂತ, ಉತ್ಸಾಹಿ, ಹಿಡಿದ ಕೆಲಸ ಬಿಡದವನು. ಮದ್ದನ್ನು ಯಂತ್ರಗಳಿಂದ ಒಂದೇ ಸಮನಾಗಿ ಅರೆಯಿಸಿ ಬಲವಾಗಿ ಗಿಡಿಯುವ ಕ್ರಮವನ್ನು ಏರ್ಪಡಿಸಿದನು. ಮದ್ದಿನಲ್ಲಿ ಬಿರುಕಿದ್ದರೆ ಉರಿಯುವ ಮೇಲ್ಮೈ ಥಟ್ಟನೆ ಹೆಚ್ಚಿ ಬಾಣ ಹೊರಡುವ ಮೊದಲೇ ಸಿಡಿಯುತ್ತದೆ. ಆದುದರಿಂದ ಈ ಸುಧಾರಣೆ ಸಾಮಾನ್ಯವಾದುದಲ್ಲ. ಅವನ ೩೨ ಪೌಂಡಿನ ಬಾಣ ೩,೦೦೦ ಗಜದಷ್ಟು ದೂರ ಹೋಗುತ್ತಿತ್ತು. ಅದರ ಗಳುವಿನ ಉದ್ದವೇ ೧೫ ಅಡಿ.

ಹೀಗೆ ಬಲ ಬೆಳೆಯಿತು. ದಿಕ್ಕಿನ ಹಿಡಿತ ಬೆಳೆಯಲಿಲ್ಲ.

ಬಾಣ ದಾರಿ ತಪ್ಪುವುದೇಕೆ?

ಫಿರಂಗಿಯ ಗುಂಡಿಗೆ ಬೇಕಾದ ವೇಗವೆಲ್ಲ ನಳಿಗೆಯೊಳಗೇ ದೊರೆತುಬಿಡುತ್ತದೆ. ಹೊರಬಂದ ಮೇಲೆ ಅದನ್ನು ನೂಕುವವರಿಲ್ಲ. ಬಾಣದ ಸ್ಥಿತಿ ಬೇರೆ. ಅದು ನಿಧಾನವಾಗಿ ಹೊರಟು, ದಾರಿಯಲ್ಲಿ ಹೋಗುತ್ತ ಹೋಗುತ್ತ ವೇಗ ಗಳಿಸುತ್ತದೆ. ನೂಕುಬಲವು ಬಾಣದ ಭಾರಕೇಂದ್ರದ ಮೂಲಕ ಹಾಯದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಬಾಣದ ಮೂತಿ ತಿರುಗುತ್ತದೆ. ತಿರುಗಿದ ಮೂತಿಯ ಕಡೆಗೇ ಬೆಂಕಿ ಅದನ್ನು ನೂಕುತ್ತದೆ. ಎಂದರೆ, ತಪ್ಪನ್ನು ಮಾಡಿದ ಬಲವೇ ತಪ್ಪನ್ನು ಬೆಳೆಸುವ ಬಲವೂ ಆಗುತ್ತದೆ.

ಗಳುವಿನ ಕೆಲಸ ಇದನ್ನು ತಡೆಯುವುದು. ಬಾಣ ವೇಗವಾಗಿ ಹಾರುವಾಗ ಗಾಳಿಯು ಹಿಂದಿನ ಉದ್ದನೆಯ ಗಳುವನ್ನು ಒತ್ತಿ, ಮೂತಿಯನ್ನು ಹೋಗುವ ದಿಕ್ಕಿಗೇ ತರುತ್ತದೆ. ಗಾಳಿಪಟದ ಬಾಲಂಗೋಚಿಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆದರೆ ಬಾಣ ಹೊರಟ ಮೊದಲ ಕ್ಷಣಗಳಲ್ಲಿ ಅದರ ವೇಗ ಅತ್ಯಲ್ಪ. ಆಗ ಅಡ್ಡಗಾಳಿ ಬೀಸಿದರೆ ಆ ಗಾಳಿಯೇ ಗಳುವನ್ನು ಪಕ್ಕಕ್ಕೆ ದಬ್ಬುತ್ತದೆ. ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ. ಬಾಣ ಗಾಳಿಗೆದುರಾಗಿ ಓಡುತ್ತದೆ. ಗಾಳಿ ನೂಕಿದ ಕಡೆಗೆ ವಸ್ತು ಹೋಗುವುದೆಂಬ ನಮ್ಮ ದಿನಬಳಕೆಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ನಮ್ಮ ಊರಿನ ದೀಪಾವಳಿಯ ಬಾಣ, ಮೆದೆ ಗಾಳಿಯ ಮೇಲ್ಗಡೆಗಿದೆಯೆಂದು ಧೈರ್ಯದಿಂದಿದ್ದಾಗಲೂ, ಅಲ್ಲಿಗೇ ಹೋಗಿ ಬೀಳುವುದು ಇದರಿಂದಲೇ.

ಇದಕ್ಕೆ ಇನ್ನೊಂದು ದೋಷ ಸೇರಿತ್ತು. ಗಳುವನ್ನು ಕೊಳವೆಯ ಒಂದು ಪಕ್ಕಕ್ಕೆ ಕಟ್ಟುತ್ತಿದ್ದುದರಿಂದ ಭಾರಕೇಂದ್ರ ಮೊದಲಿನಿಂದಲೇ ನಡುಗೆರೆಯಿಂದ ಸರಿದಿರುತ್ತಿತ್ತು. ಕಾಂಗ್ರೀವನು ಇದನ್ನು ಅರಿತು, ೧೮೧೫ರ ವೇಳೆಗೆ ಗಳುವನ್ನು ಕೊಳವೆಯ ತಳದ ನಡುವೆ ಕೂರಿಸಿ, ಅದರ ಸುತ್ತಲೂ ಅನಿಲದ ರಂಧ್ರಗಳನ್ನು ಇರಿಸಿದನು. ದೋಷ ಕಡಿಮೆಯಾಯಿತು, ಹೋಗಲಿಲ್ಲ.

ಗುರಿಯನ್ನೇ ಹಿಗ್ಗಿಸಿದರು

ಅಷ್ಟರಲ್ಲಿ ಬಾಣ ಯುದ್ಧಕ್ಕೆ ಹೋಗಿಯಾಗಿತ್ತು. ೧೮೦೬ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನಲ್ಲಿ ನಿಂತಿದ್ದ ಹಡಗುಗಳ ಮೇಲೆ ಇವನ್ನು ಬಿಟ್ಟರು. ಗುರಿ ಹಡಗುಗಳದು, ಬಾಣಗಳು ಬಿದ್ದು ಬೆಂಕಿ ಹೊತ್ತಿದ್ದು ಊರಿನ ಮನೆಗಳಿಗೆ. ಮರುವರ್ಷ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಬ್ರಿಟಿಷರು ಸಿಡಿಗುಂಡುಗಳನ್ನೂ ಬಾಣಗಳನ್ನೂ ಸುರಿದರು. ಈ ಬಾರಿ ನಗರವೇ ಗುರಿ. ಹಡಗಿಗೆ ತಗುಲಿಸಲಾಗದ ಆಯುಧವೂ ನಗರಕ್ಕೆ ತಪ್ಪುವುದಿಲ್ಲವಷ್ಟೆ! ಯಂತ್ರವನ್ನು ಗುರಿಗೆ ತಕ್ಕಂತೆ ತಿದ್ದಲಾರದೆ, ಯಂತ್ರದ ದೋಷಕ್ಕೆ ತಕ್ಕಂತೆ ಗುರಿಯನ್ನೇ ಹಿಗ್ಗಿಸಿದಂತಾಯಿತು. ಹಿಗ್ಗಿದ ಗುರಿಯೊಳಗೆ ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಸೇರಿದರು. ಹಿಡಿತವಿಲ್ಲದ ಯಂತ್ರದ ನಿಜವಾದ ಅಪಾಯ ಇಲ್ಲಿದೆ. ಅದು ತನ್ನಷ್ಟಕ್ಕೆ ದಾರಿ ತಪ್ಪುವುದಲ್ಲದೆ, ಅದನ್ನು ಬಳಸುವವನ ವಿವೇಕವನ್ನೂ ದಾರಿ ತಪ್ಪಿಸುತ್ತದೆ.

೧೮೧೫ರ ಜೂನ್ ೧೭ರಂದು, ವಾಟರ್ಲೂ ಯುದ್ಧದ ಹಿಂದಿನ ದಿನ, ಬ್ರಿಟಿಷರ ಬಾಣದ ತುಕಡಿಯೊಂದು ಹಿಮ್ಮೆಟ್ಟುತ್ತ ಫ್ರೆಂಚರ ಮೇಲೆ ಬಾಣ ಬಿಟ್ಟಿತು. ಕಣ್ಣಾರೆ ಕಂಡ ಫಿರಂಗಿದಳದ ಕ್ಯಾಪ್ಟನ್ ಮರ್ಸರ್ ಅದನ್ನು ಬರೆದಿಟ್ಟಿದ್ದಾನೆ. ಮೊದಲನೆಯ ಬಾಣ ನೆಟ್ಟಗೆ ಹೋಗಿ ಶತ್ರುವಿನ ಫಿರಂಗಿಯ ಬಳಿ ಸಿಡಿಯಿತು. ಅಲ್ಲಿದ್ದವರೆಲ್ಲ ಫಿರಂಗಿ ಬಿಟ್ಟು ಓಡಿದರು. ಅನಂತರ ಬಿಟ್ಟ ಬಾಣಗಳಲ್ಲಿ ಒಂದೂ ಆ ದಾರಿ ಹಿಡಿಯಲಿಲ್ಲ. ಕೆಲವು ಹಿಂದಿರುಗಿ ಬಂದುವು. ಒಂದಂತೂ ಮರ್ಸರನನ್ನೇ ಅಟ್ಟಿಸಿಕೊಂಡು ಬಂದಿತು! ಓಡಿಹೋಗಿದ್ದ ಫ್ರೆಂಚರು ಮರಳಿ ಬಂದು ಫಿರಂಗಿ ಹಾರಿಸಿದರು.

ಆ ಸೈನ್ಯದ ಮಹಾಸೇನಾನಿ ಯಾರು? ಹದಿನಾರು ವರ್ಷಗಳ ಹಿಂದೆ ಸುಲ್ತಾನ್‌ಪೇಟೆಯ ಕತ್ತಲಲ್ಲಿ ಮೈಸೂರಿನ ಬಾಣಗಳ ರುಚಿ ಕಂಡಿದ್ದ ಅದೇ ವೆಲ್ಲೆಸ್ಲಿ. ಈಗ ವೆಲಿಂಗ್ಟನ್ ಪ್ರಭು. ಬಾಣಗಳ ಮೇಲೆ ಅವನಿಗೆ ವಿಶ್ವಾಸ ಬರಲೇ ಇಲ್ಲ. ಕಾಂಗ್ರೀವನು ೧೮೨೮ರಲ್ಲಿ ತೀರಿಕೊಂಡನು.

ಕಡಿವಾಣದ ಶೋಧ

೧೮೪೪ರಲ್ಲಿ ವಿಲಿಯಂ ಹೇಲ್ ಎಂಬ ಆಂಗ್ಲ ಯಂತ್ರಶೋಧಕನು ಗಳುವನ್ನೇ ಕಿತ್ತೆಸೆದನು. ಹೊರನುಗ್ಗುವ ಅನಿಲದ ಒಂದಂಶವನ್ನು ಓರೆಯಾಗಿ ಬಿಟ್ಟು, ಬಾಣ ತನ್ನ ಅಕ್ಷದ ಸುತ್ತ ಗಿರಗಿರನೆ ತಿರುಗುವಂತೆ ಮಾಡಿದನು. ತಿರುಗುವ ಬುಗುರಿ ಬೀಳದಿರುವಂತೆ ತಿರುಗುವ ಬಾಣವೂ ದಿಕ್ಕನ್ನು ಸುಲಭವಾಗಿ ಬಿಡುವುದಿಲ್ಲ. ಅಲ್ಲದೆ, ನೂಕುಬಲದ ಓರೆ ಒಂದೇ ಕಡೆಗೆ ನಿಲ್ಲದೆ ಸುತ್ತಲೂ ಹಂಚಿಹೋಗುತ್ತದೆ. ಇದು ದೊಡ್ಡ ಮುನ್ನಡೆ. ಆದರೂ, ತಾನು ದಾರಿ ಬಿಟ್ಟಿದ್ದೇನೆಂದು ತಿಳಿಯುವ ಶಕ್ತಿ ಆ ಬಾಣಕ್ಕೆ ಇರಲಿಲ್ಲ.

ಆ ಶಕ್ತಿ ಇಪ್ಪತ್ತನೆಯ ಶತಮಾನದ ಕೊಡುಗೆ. ಇಂದಿನ ರಾಕೆಟ್ಟು ಮೂರು ಕೆಲಸಗಳನ್ನು ಎಡೆಬಿಡದೆ ಮಾಡುತ್ತದೆ: ತನ್ನ ಮೂತಿ ಎತ್ತ ಇದೆಯೆಂದು ಅಳೆಯುವುದು, ಎತ್ತ ಇರಬೇಕೆಂಬುದರೊಡನೆ ಹೋಲಿಸುವುದು, ಅಂತರವಿದ್ದರೆ ಅನಿಲದ ಧಾರೆಯನ್ನು ಓರೆ ಮಾಡಿ ತಿದ್ದುವುದು. ಕಣ್ಣು, ಬುದ್ಧಿ, ಕೈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಹಿಡಿತ. ಮೂರರಲ್ಲಿ ಒಂದು ಕೆಟ್ಟರೂ ಅದು ಮತ್ತೆ ಕಾಂಗ್ರೀವನ ಬಾಣವೇ. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಹೊರಟ ಭಾರತದ ಮೊದಲ ಎಸ್.ಎಲ್.ವಿ.-೩ ರಾಕೆಟ್ಟಿನಲ್ಲಿ ಕೆಟ್ಟದ್ದು ಕೈ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟ ಸೋರಿ ನೈಟ್ರಿಕ್ ಆಮ್ಲ ಖರ್ಚಾಗಿಹೋಗಿತ್ತು. ರಾಕೆಟ್ಟು ೩೧೭ ಸೆಕೆಂಡುಗಳಲ್ಲಿ ಬಂಗಾಳ ಕೊಲ್ಲಿಗೆ ಬಿದ್ದಿತು. ದೋಷವನ್ನು ಹುಡುಕಿ ತಿದ್ದಿದ ಮೇಲೆ ೧೯೮೦ರ ಜುಲೈ ೧೮ರಂದು ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಈ ಸೋಲಿಗೂ ಬೂಲೋನಿನ ಸೋಲಿಗೂ ಒಂದು ಅಂತರವಿದೆ. ಇಲ್ಲಿ ದಾರಿ ತಪ್ಪಿದ ರಾಕೆಟ್ಟು ಯಾರ ಮನೆಯ ಮೇಲೂ ಬೀಳಲಿಲ್ಲ. ಯಂತ್ರ ಕೈಮೀರಬಹುದೆಂಬುದನ್ನು ಮೊದಲೇ ಒಪ್ಪಿಕೊಂಡು, ಹಾರುವ ದಾರಿಯನ್ನು ಸಮುದ್ರದ ಮೇಲೆ ಗೊತ್ತುಮಾಡಿದ್ದರು. ಇಂದು ಉಡಾವಣೆಯ ವೇಳೆ ಸುರಕ್ಷತೆಯ ಹೊಣೆ ಹೊತ್ತ ಒಬ್ಬ ಅಧಿಕಾರಿ ಬೇರೆಯಾಗಿಯೇ ಕುಳಿತಿರುತ್ತಾನೆ. ರಾಕೆಟ್ಟನ್ನು ಗುರಿ ಮುಟ್ಟಿಸುವುದು ಅವನ ಕೆಲಸವಲ್ಲ; ಅದು ಗೆರೆ ದಾಟಿದರೆ ಆಕಾಶದಲ್ಲೇ ಒಡೆಯುವುದು ಅವನ ಕೆಲಸ. ೨೦೧೦ರ ಡಿಸೆಂಬರ್ ೨೫ರಂದು ಜಿ.ಎಸ್.ಎಲ್.ವಿ.-ಎಫ್ ೦೬ ರಾಕೆಟ್ಟಿನಲ್ಲಿ ನಿಯಂತ್ರಣದ ಆಜ್ಞೆಗಳನ್ನು ಒಯ್ಯುವ ತಂತಿಗಳ ಜೋಡಣೆ ಕಳಚಿಕೊಂಡಾಗ, ಹಲವು ವರ್ಷಗಳ ದುಡಿಮೆಯ ಫಲವನ್ನು ಹೀಗೆಯೇ ಒಂದು ಗುಂಡಿಯೊತ್ತಿ ಒಡೆಯಲಾಯಿತು. ಕೆಳಗೆ ಸಮುದ್ರವಿತ್ತು, ಯಾರಿಗೂ ಗಾಯವಾಗಲಿಲ್ಲ.

ಕಾಂಗ್ರೀವನಲ್ಲಿ ಜ್ಞಾನದ ಕೊರತೆ ಇತ್ತೆಂದು ನಾವು ಹಳಿಯಬೇಕಾಗಿಲ್ಲ. ಗಾಳಿಯ ಬಲವನ್ನು ಲೆಕ್ಕಹಾಕುವ ಶಾಸ್ತ್ರ ಅವನ ಕಾಲಕ್ಕೆ ಬಲಿತಿರಲಿಲ್ಲ. ಆದರೆ ಬಾಣ ಹಿಂದಿರುಗಿ ಬರುವುದೆಂಬುದು ಎಲ್ಲರ ಕಣ್ಣಿಗೂ ಕಂಡ ಮೇಲೂ ಅದನ್ನು ಊರುಗಳ ಮೇಲೆ ಬಿಟ್ಟದ್ದು ಜ್ಞಾನದ ಕೊರತೆಯಲ್ಲ. ಬಲವನ್ನು ಎಬ್ಬಿಸುವುದು ಒಂದು ವಿದ್ಯೆ. ಅದನ್ನು ನಿಲ್ಲಿಸುವುದು ಬೇರೊಂದು ವಿದ್ಯೆ. ಮೊದಲನೆಯದನ್ನು ಕಲಿತವನು ಎರಡನೆಯದನ್ನು ಕಲಿಯುವವರೆಗೆ ಕಾಯಬೇಕು. ಹುಡುಗನು ಬಾಣಕ್ಕೆ ಬೆಂಕಿ ಮುಟ್ಟಿಸುವ ಮೊದಲು ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ನೋಡಿ, ಮೆದೆಯ ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಳ್ಳುವ ಅಜ್ಜ ಈ ಎರಡನೆಯ ವಿದ್ಯೆಯನ್ನು ಬಲ್ಲವನು.