ಲ್ಯುಕೀಮಿಯದ ಔಷಧಗಳೂ ಕೊಬ್ಬಿನ ನ್ಯಾನೊಕಣಗಳೂ

ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರಿಗೆ ಬಾಯಿಯ ಮೂಲಕ ಕೊಡುವ ಔಷಧಗಳನ್ನು ರೋಗಿಯು ಮನೆಯಲ್ಲಿಯೇ, ಅನೇಕ ವೇಳೆ ವರ್ಷಗಟ್ಟಲೆ, ಪ್ರತಿದಿನವೂ ಸೇವಿಸಬೇಕಾಗುತ್ತದೆ. ಆದರೆ ನುಂಗಿದ ಔಷಧವೆಲ್ಲವೂ ರಕ್ತವನ್ನು ಸೇರುವುದಿಲ್ಲ. ಸೇರುವ ಪ್ರಮಾಣ ಕಡಮೆಯಾದರೆ ರೋಗ ಮರುಕಳಿಸಬಹುದು. ಮಿತಿಮೀರಿದರೆ ಔಷಧವೇ ವಿಷವಾಗಬಹುದು. ಈ ತೊಡಕಿನ ಕಾರಣಗಳನ್ನೂ, ಕೊಬ್ಬಿನ ನ್ಯಾನೊಕಣಗಳಿಂದ ನಿರೀಕ್ಷಿಸಬಹುದಾದ ಪರಿಹಾರವನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ನಷ್ಟದ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು, ಔಷಧವು ನೀರಿನಲ್ಲಿ ಸರಿಯಾಗಿ ಕರಗದಿರುವುದು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯಕ್ಕಾಗಿ 2007ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ನಿಲೊಟಿನಿಬ್ ಕ್ಯಾಪ್ಸೂಲು ಇದಕ್ಕೆ ನಿದರ್ಶನ. ಜಠರದ ಆಮ್ಲದಲ್ಲಿ ಅಲ್ಪವಾಗಿ ಕರಗುವ ಈ ವಸ್ತು ಕರುಳಿನ ದ್ರವದಲ್ಲಿ ಬಹುಮಟ್ಟಿಗೆ ಕರಗದೆ ಉಳಿಯುತ್ತದೆ. ಎರಡನೆಯದು, ಮಾರ್ಗಮಧ್ಯದಲ್ಲಿಯೇ ಔಷಧವು ನಾಶವಾಗುವುದು. 1953ರಿಂದ ಬಳಕೆಯಲ್ಲಿರುವ ಮರ್ಕ್ಯಾಪ್ಟೊಪ್ಯೂರಿನ್ ಔಷಧದ ಬಹುಭಾಗವನ್ನು ಕರುಳಿನ ಭಿತ್ತಿಯಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಜ್ಯಾಂತೀನ್ ಆಕ್ಸಿಡೇಸ್ ಎಂಬ ಕಿಣ್ವವು ಮೊದಲೇ ಮಾರ್ಪಡಿಸಿಬಿಡುತ್ತದೆ.

ಕೊಬ್ಬು ಹೇರಳವಾಗಿರುವ ಊಟವಾದ ಅರ್ಧ ಗಂಟೆಗೆ ನಿಲೊಟಿನಿಬ್ ಕ್ಯಾಪ್ಸೂಲನ್ನು ಸೇವಿಸಿದರೆ ರಕ್ತಕ್ಕೆ ದೊರೆಯುವ ಔಷಧದ ಪ್ರಮಾಣ ಶೇಕಡ 82ರಷ್ಟು ಹೆಚ್ಚುವುದು ಕಂಡುಬಂದಿದೆ. ಜಿಡ್ಡು ಪಿತ್ತರಸವನ್ನು ಕರುಳಿಗೆ ಬರಮಾಡುತ್ತದೆ. ಪಿತ್ತಲವಣಗಳೂ ಜೀರ್ಣವಾದ ಕೊಬ್ಬೂ ಕೂಡಿ ಔಷಧವನ್ನು ಕರಗಿಸಿಕೊಳ್ಳುತ್ತವೆ. ಇದನ್ನು ಲಾಭವೆಂದು ಎಣಿಸುವಂತಿಲ್ಲ. ಈ ಔಷಧ ಹೆಚ್ಚಾದರೆ ಹೃದಯದ ಮಿಡಿತದ ಕ್ರಮ ಕೆಡುವ ಅಪಾಯವುಂಟು. ಆದುದರಿಂದಲೇ ಕ್ಯಾಪ್ಸೂಲಿಗೆ ಎರಡು ಗಂಟೆ ಮೊದಲೂ ಒಂದು ಗಂಟೆ ಅನಂತರವೂ ಆಹಾರ ಕೂಡದೆಂಬ ನಿಯಮ.

ಊಟದ ಜಿಡ್ಡು ಅಳತೆಯಿಲ್ಲದೆ ಮಾಡುವ ಈ ಕೆಲಸವನ್ನು ಅಳತೆಗೆ ಒಳಪಡಿಸುವುದೇ ನ್ಯಾನೊಕಣದ ಉದ್ದೇಶ. ಗ್ಲಿಸರೈಲ್ ಮಾನೊಸ್ಟಿಯರೇಟಿನಂತಹ ಕೊಬ್ಬನ್ನು ಕರಗಿಸಿ, ಔಷಧವನ್ನು ಅದರಲ್ಲಿ ಬೆರೆಸಿ, ಲೆಸಿಥಿನ್ ಮೊದಲಾದವುಗಳ ನೆರವಿನಿಂದ ಬಿಸಿನೀರಿನಲ್ಲಿ ಅಧಿಕ ಒತ್ತಡದಿಂದ ಒಡೆದು ತಣಿಸಿದರೆ, ಸಾಮಾನ್ಯವಾಗಿ 50ರಿಂದ 1000 ನ್ಯಾನೊಮೀಟರ್ ವ್ಯಾಸದ ಘನಕಣಗಳು ದೊರೆಯುತ್ತವೆ. ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಇಂತಹ ಕಣದ ಕೊಬ್ಬು ಕರುಳಿನಲ್ಲಿ ಜೀರ್ಣವಾಗುವಾಗ ಔಷಧವೂ ಕರಗಿದ ಸ್ಥಿತಿಯಲ್ಲಿಯೇ ಭಿತ್ತಿಯನ್ನು ಮುಟ್ಟುತ್ತದೆ. ಕೊಬ್ಬಿನಲ್ಲಿ ಅತಿಯಾಗಿ ಕರಗುವ ಔಷಧವಾದರೆ, ಅದರ ಒಂದಂಶವು ಕೈಲೊಮೈಕ್ರಾನ್ ಎಂಬ ಕೊಬ್ಬಿನ ಹನಿಗಳೊಡನೆ ದುಗ್ಧರಸನಾಳಗಳನ್ನು ಹೊಕ್ಕು, ಯಕೃತ್ತನ್ನು ಮೊದಲು ಹಾಯದೆ, ಕತ್ತಿನ ಬುಡದ ಸಿರೆಯಲ್ಲಿ ರಕ್ತವನ್ನು ಸೇರುತ್ತದೆ.

ಈ ಉಪಾಯ ಎಲ್ಲ ಔಷಧಗಳಿಗೂ ಸಮನಾಗಿ ಒಪ್ಪುವುದಿಲ್ಲ. ಮರ್ಕ್ಯಾಪ್ಟೊಪ್ಯೂರಿನ್ ಕೊಬ್ಬಿಗೆ ಒಲಿಯುವ ಅಣುವಲ್ಲವಾದ್ದರಿಂದ ದುಗ್ಧರಸಮಾರ್ಗದ ಪ್ರಯೋಜನ ಅದಕ್ಕೆ ಸುಲಭವಾಗಿ ದೊರೆಯದು. ಅಲ್ಲದೆ ಶೇಖರಣೆಯ ಕಾಲದಲ್ಲಿ ಕೊಬ್ಬು ಕ್ರಮಬದ್ಧವಾದ ಸ್ಫಟಿಕವಾಗುತ್ತ ಔಷಧವನ್ನು ಹೊರದೂಡುತ್ತದೆ. ಘನಕೊಬ್ಬಿಗೆ ದ್ರವರೂಪದ ಎಣ್ಣೆಯನ್ನು ಬೆರೆಸಿ ಈ ದೋಷವನ್ನು ತಗ್ಗಿಸುವುದುಂಟು.

ಹೀರಿಕೆ ಎಷ್ಟು ಪಟ್ಟು ಹೆಚ್ಚಿತೆಂಬುದೊಂದನ್ನೇ ಯಶಸ್ಸಿನ ಅಳತೆಗೋಲೆಂದು ಹಿಡಿಯುವುದು ಸಾಲದೆಂದು ನಾವು ಭಾವಿಸುತ್ತೇವೆ. ಬರಿಹೊಟ್ಟೆಯಲ್ಲಿಯೂ ಊಟದ ಅನಂತರವೂ, ಇಂದೂ ನಾಳೆಯೂ, ರಕ್ತದಲ್ಲಿ ಔಷಧದ ಮಟ್ಟ ಒಂದೇ ಸಮನಾಗಿ ನಿಲ್ಲುವುದೇ ಎಂಬುದು ಪರೀಕ್ಷಿಸಬೇಕಾದ ಮುಖ್ಯ ವಿಷಯ. ರೋಗಿಗೆ ಬೇಕಾದುದು ಹೆಚ್ಚಿನ ಔಷಧಕ್ಕಿಂತ ನಂಬಬಹುದಾದ ಔಷಧ.